ಇಂಡಿಯ ಲಿಂಬೆ ತೋಟಕ್ಕೆ ಹಸ್ತ ಬಹಾರದ ಸಿಂಪಡಣೆ ಸೇವೆ: ಒಬ್ಬ ಬೆಳೆಗಾರನ ಅಭಿಪ್ರಾಯ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದಲ್ಲಿ ಕೃಷಿ ಪರಿಕರಗಳ ಅಂಗಡಿಯೊಂದು ಲಿಂಬೆ ಬೆಳೆಗಾರರಿಗೆ ಹಸ್ತ ಬಹಾರದ (ಸೆಪ್ಟೆಂಬರ್–ಅಕ್ಟೋಬರ್‌ನ ಹೂವಿನ ಹಂಗಾಮು) ಸಿಂಪಡಣೆಯನ್ನು ಗುತ್ತಿಗೆಯಾಗಿ ಮಾಡಿಕೊಡುತ್ತದೆ. ಔಷಧ, ಪಂಪು, ಆಳು ಎಲ್ಲವೂ ಅವರವೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ಸಲ ತೋಟಕ್ಕೆ ಬರುತ್ತಾರೆ. ಕಳೆದ ಹಂಗಾಮಿನಲ್ಲಿ ನಾನು ಈ ಸೇವೆಯನ್ನು ಪಡೆದೆ. ಖರ್ಚು ಕಡಿಮೆಯದ್ದಲ್ಲವಾದ್ದರಿಂದ, ಹಣ ಎಲ್ಲಿ ಸಾರ್ಥಕವಾಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು ಉಳಿದ ಬೆಳೆಗಾರರಿಗೆ ತಿಳಿಸುವುದು ಅಗತ್ಯವೆನಿಸಿತು.

ಲಿಂಬೆ ಹೂವಾಗಿ ಕಾಯಿ ಕೊಯ್ಲಿಗೆ ಬರಲು ಐದಾರು ತಿಂಗಳು ಬೇಕು. ಬೇಸಿಗೆಯ ಬೆಲೆ ಸಿಗಬೇಕೆಂದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂವು ಬರಬೇಕು. ಆದರೆ ಲಿಂಬೆಯು ಸೇವಂತಿಗೆಯಂತೆ ರಾತ್ರಿಯ ಉದ್ದವನ್ನು ಅಳೆದು ಹೂ ಬಿಡುವ ಗಿಡವಲ್ಲ. ಅದಕ್ಕೆ ಬೇಕಾದದ್ದು ಚಳಿ ಅಥವಾ ನೀರಿನ ಕೊರತೆ. ಇವೆರಡರಲ್ಲಿ ಒಂದು ತಾಗಿದಾಗ ಬಲಿತ ಎಲೆಗಳಲ್ಲಿ ಫ್ಲೋರಿಜೆನ್ ಎಂಬ ಪ್ರೋಟೀನ್ ತಯಾರಾಗಿ, ಸಕ್ಕರೆ ಸಾಗುವ ನಾಳಗಳ ಮೂಲಕವೇ ಮೊಗ್ಗಿನ ತುದಿಗೆ ತಲುಪಿ, ಎಲೆಯಾಗಬೇಕಿದ್ದ ಮೊಗ್ಗನ್ನು ಹೂವಿನ ಕಡೆಗೆ ತಿರುಗಿಸುತ್ತದೆ. ಚಳಿಗಾಲ ಮುಗಿದೊಡನೆ ಅಂಬೆ ಬಹಾರ ಸಲೀಸಾಗಿ ಬರುವುದು ಇದೇ ಕಾರಣಕ್ಕೆ. ಹಸ್ತ ಬಹಾರದ ಕಷ್ಟವೇ ಬೇರೆ: ವಿಜಯಪುರಕ್ಕೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ, ಅಂದರೆ ಗಿಡ ಬಾಯಾರಬೇಕಾದ ಹೊತ್ತಿಗೆ ಸರಿಯಾಗಿ ನಾವು ಬೇಡವೆಂದರೂ ಅದಕ್ಕೆ ನೀರು ಸಿಗುತ್ತದೆ. ನೀರಿನ ಕೊರತೆ ಮಾಡಬೇಕಿದ್ದ ಕೆಲಸವನ್ನು ರಾಸಾಯನಿಕದಿಂದ ಮಾಡಿಸುವುದೇ ಈ ಸೇವೆಯ ಉದ್ದೇಶ.

ಸಂಶೋಧಕರ ಶಿಫಾರಸನ್ನೇ ಅಂಗಡಿಯವರು ಅನುಸರಿಸುತ್ತಾರೆ: ಜೂನ್‌ನಲ್ಲಿ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಜಿಬ್ಬರೆಲಿಕ್ ಆಮ್ಲ, ಸೆಪ್ಟೆಂಬರ್‌ನಲ್ಲಿ 1000 ಪಿಪಿಎಂ ಸೈಕೋಸೆಲ್, ಅಕ್ಟೋಬರ್‌ನಲ್ಲಿ ಶೇ. 1ರ ಪೊಟ್ಯಾಸಿಯಂ ನೈಟ್ರೇಟ್. ಹೂವು ಬರಲೆಂದು ಹಣ ಕೊಡುವವರಿಗೆ ಮೊದಲ ಸಿಂಪಡಣೆ ವಿಚಿತ್ರವಾಗಿ ಕಾಣಬಹುದು, ಏಕೆಂದರೆ ಜಿಬ್ಬರೆಲಿನ್ ಲಿಂಬೆಯಲ್ಲಿ ಹೂವನ್ನು ತಡೆಯುವ ಹಾರ್ಮೋನು. ಆದರೆ ಜೂನ್–ಜುಲೈನಲ್ಲಿ ಹೂ ಬಿಡುವ ಮೃಗ ಬಹಾರದ ಕಾಯಿ ಮೈತುಂಬ ಹೊತ್ತ ಗಿಡದಲ್ಲಿ ಫ್ಲೋರಿಜೆನ್ ತಯಾರಿಕೆಯೇ ಕುಗ್ಗುತ್ತದೆ. ಅಂಥ ಗಿಡ ಹಸ್ತದಲ್ಲಿ ಹೂ ಬಿಡಲು ಒಪ್ಪುವುದಿಲ್ಲ. ಆದ್ದರಿಂದ ಮೃಗದ ಹೂವನ್ನು ತಡೆದು ಗಿಡದ ಶಕ್ತಿಯನ್ನು ಉಳಿಸಬೇಕು. ಈ ಹಂತದಲ್ಲಿ ಅವರ ಕೆಲಸಗಾರರ ಶಿಸ್ತು ನನಗೆ ತುಂಬ ಮೆಚ್ಚುಗೆಯಾಯಿತು. ಜಿಬ್ಬರೆಲಿಕ್ ಪುಡಿ ನೀರಿನಲ್ಲಿ ನೇರವಾಗಿ ಸರಿಯಾಗಿ ಕರಗುವುದಿಲ್ಲ. ಅವರು ಅದನ್ನು ತೂಗಿ, ಸ್ವಲ್ಪ ಸ್ಪಿರಿಟ್‌ನಲ್ಲಿ ತಿಳಿಯಾಗುವವರೆಗೆ ಕಲಕಿ, ಆಮೇಲೆಯೇ ಬ್ಯಾರಲ್ಲಿಗೆ ಸುರಿದರು. ಪುಡಿಯನ್ನು ಹಾಗೆಯೇ ಬ್ಯಾರಲ್ಲಿಗೆ ಚೆಲ್ಲಿ, ಪರಿಣಾಮ ಕಾಣದೆ ಕಂಪನಿಯನ್ನು ಬೈಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಸೈಕೋಸೆಲ್ ಗಿಡದೊಳಗಿನ ಜಿಬ್ಬರೆಲಿನ್ ತಯಾರಿಕೆಯನ್ನು ತಡೆದು ಚಿಗುರಿನ ಓಟವನ್ನು ನಿಲ್ಲಿಸುತ್ತದೆ. ಶೇ. 50ರ ದ್ರಾವಣವಾದರೆ ಲೀಟರ್ ನೀರಿಗೆ 2 ಮಿಲಿ ಸಾಕು, ಅವರೂ ಅಷ್ಟೇ ಹಾಕಿದರು. ಅದಕ್ಕಿಂತ ದೊಡ್ಡ ಮಾತೆಂದರೆ, ಮೊದಲು ಗೊತ್ತುಮಾಡಿದ ದಿನ ಬಂದ ಹಿರಿಯ ಕೆಲಸಗಾರರು ನಾಲ್ಕಾರು ಗಿಡಗಳ ಕಡ್ಡಿ ಬಗ್ಗಿಸಿ ನೋಡಿ, ಪಂಪನ್ನು ಇಳಿಸಲೇ ಇಲ್ಲ. ಎಳೆಯ ಕಡ್ಡಿ ಮೂಲೆ ಮೂಲೆಯಾಗಿರುತ್ತದೆ, ಬಲಿತ ಮೇಲೆ ದುಂಡಗಾಗುತ್ತದೆ. “ಯಜಮಾನ್ರ, ಎಲಿ ಇನ್ನೂ ಎಳೇವು ಅದಾವ್ರಿ. ಈಗ ಹೊಡದ್ರ ಔಷಧ ದಂಡ ಆಗ್ತೈತಿ, ಸ್ವಲ್ಪ ತಡೀರಿ” ಎಂದು ಹೇಳಿ, ಬಂದ ಗಾಡಿ ಖರ್ಚನ್ನೂ ಕೇಳದೆ ಹಿಂತಿರುಗಿದರು. ಹೂವಿನ ಸಂಕೇತವಾದ ಫ್ಲೋರಿಜೆನ್ ಹುಟ್ಟುವುದು ಬಲಿತ ಎಲೆಯಲ್ಲಿ ಎಂಬುದನ್ನು ಪುಸ್ತಕ ಓದದೆಯೂ ಬಲ್ಲ ಆ ಮನುಷ್ಯನ ಕಣ್ಣಿಗೇ ನಾನು ಈ ಸೇವೆಯ ಅರ್ಧ ಬೆಲೆ ಕಟ್ಟುತ್ತೇನೆ.

ಮೂರನೆಯ ಸಿಂಪಡಣೆಯ ವಿಷಯದಲ್ಲಿ ಮಾತ್ರ ನನ್ನ ಸ್ಪಷ್ಟ ಆಕ್ಷೇಪವಿದೆ. ನಮ್ಮ ತೋಟದ ಒಂದು ಭಾಗ ಮಡ್ಡಿ, ಅಂದರೆ ಗರಸು ನೆಲ; ಇನ್ನೊಂದು ಭಾಗ ಎರೆ, ಅಂದರೆ ಕಪ್ಪು ಮಣ್ಣು. ಹಸ್ತ ಮಳೆ ನಿಂತ ಮೇಲೆ ಮಡ್ಡಿ ಬೇಗ ಆರುತ್ತದೆ. ಎರೆ ಮಣ್ಣು ಮೇಲೆ ಬಿರುಕು ಬಿಟ್ಟಂತೆ ಕಂಡರೂ ಒಂದು ಗೇಣು ಕೆಳಗೆ ಕೈಗೆ ಅಂಟುವಷ್ಟು ಹಸಿಯಾಗಿರುತ್ತದೆ. ಬೇರೆ ಆಳುಗಳು ಬಂದು, ಸರದಿ ಹಿಡಿದು ಕಾಯುವ ತೋಟಗಳು ಬಹಳ ಇವೆ ಎಂಬ ಕಾರಣಕ್ಕೆ, ಎರಡೂ ಕಡೆ ಒಂದೇ ದಿನ ಹೊಡೆದು ಹೋದರು. ಪೊಟ್ಯಾಸಿಯಂ ನೈಟ್ರೇಟ್ ಹೂವನ್ನು ಹುಟ್ಟಿಸುವುದಿಲ್ಲ, ಮಲಗಿರುವ ಮೊಗ್ಗನ್ನು ಎಬ್ಬಿಸುತ್ತದೆ ಅಷ್ಟೆ. ಇನ್ನೂ ಹೂವಿನ ಕಡೆಗೆ ತಿರುಗದ ಮೊಗ್ಗು ಎದ್ದರೆ ಅದು ಚಿಗುರಾಗಿಯೇ ಬರುತ್ತದೆ. ಮಡ್ಡಿಯ ಗಿಡಗಳಲ್ಲಿ ಮುಳ್ಳಿನ ಪಕ್ಕದ ಎಲೆಯ ಕಂಕುಳಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗುಗಳು ಗೊಂಚಲಾಗಿ ಕೂತವು. ಎರೆಯ ಗಿಡಗಳು ಹೂವಿಗಿಂತ ಹೆಚ್ಚಾಗಿ ಹೊಸ ಎಲೆಯನ್ನೇ ತಳೆದವು, ಆ ಎಳೆ ಎಲೆಗೆ ಕಜ್ಜಿ ರೋಗವೂ ಹತ್ತಿತು. ಸೇವೆಯ ದರದಲ್ಲಿ ಮಣ್ಣು ಅಗೆದು ನೋಡುವ ಕೆಲಸವೂ ಸೇರಿರಬೇಕಿತ್ತು.

ಬಿಲ್ಲಿನಲ್ಲಿ ಔಷಧದ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ತೋರಿಸುತ್ತಾರೆ, ಖಾಲಿ ಬಾಟಲಿಗಳನ್ನು ನಮ್ಮ ಎದುರಿಗೇ ಎಣಿಸುತ್ತಾರೆ. ಹೂವಿನ ಟಾನಿಕ್ ಎಂದು ಕೌಂಟರಿನಲ್ಲಿ ಒಂದು ಬಾಟಲಿಯನ್ನೂ ಮುಂದಿಡುತ್ತಾರೆ. ಅದರಲ್ಲಿ ಏನಿದೆ ಎಂಬುದು ಲೇಬಲ್ಲಿನಲ್ಲಿ ಇಲ್ಲವಾದ್ದರಿಂದ ನಾನು ಕೊಳ್ಳಲಿಲ್ಲ, ಕೊಳ್ಳಿರೆಂದು ಯಾರಿಗೂ ಹೇಳಲಾರೆ.

ಬರುವ ಹಂಗಾಮಿಗೂ ಇವರಿಗೇ ಹೇಳಿದ್ದೇನೆ. ಎರೆಯ ಭಾಗಕ್ಕೆ ಮೂರನೆಯ ಸಿಂಪಡಣೆಯ ದಿನವನ್ನು ನಾವೇ ತಿಳಿಸುತ್ತೇವೆ ಎಂದು ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ, ಮಾಲೀಕರು ಅದಕ್ಕೆ ಒಪ್ಪಿದ್ದಾರೆ. ಬೇಕಾದವರು ಮೃಗಶಿರಾ ಮಳೆಗೆ ಮುಂಚೆಯೇ ಹೆಸರು ಬರೆಸಬೇಕು. ಜೂನ್ ತಿಂಗಳ ಸಿಂಪಡಣೆಯನ್ನು ಬಿಟ್ಟು ಸೆಪ್ಟೆಂಬರ್‌ನಲ್ಲಿ ಬಂದು ಕೇಳುವವರ ಕೆಲಸವನ್ನು ಅವರು ಹಿಡಿಯುವುದಿಲ್ಲ, ಹಿಡಿಯದಿರುವುದೇ ಸರಿ.