ಜನರೇಟರ್ ಬಂದಮೇಲೆ ಡ್ರಮ್ ಮಷೀನು 216ಕ್ಕೆ ಓಡಿತು: ಮಿಡಿ ಕ್ಲಾಕ್ ಬಳಸುವವರು ದಯವಿಟ್ಟು ಓದಿ

ಚೌತಿಯ ನಾಲ್ಕನೇ ದಿನ ಕುಮಟಾದ ಒಂದು ಪೆಂಡಾಲಿನಲ್ಲಿ ನಮ್ಮ ರಸಮಂಜರಿ ಇತ್ತು. ನಾವು ಶಿರಸಿಯವರು, ಐದು ಜನ. ದೇವಿಮನೆ ಘಟ್ಟ ಇಳಿಯುವಾಗ ಹಿಡಿದ ಮಳೆ ರಾತ್ರಿಯಾದರೂ ಬಿಡಲಿಲ್ಲ. ಅವತ್ತು ವೇದಿಕೆಯ ಮೇಲೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ನಮ್ಮ ಹಾಗೇ ಎರಡು ಮೂರು ಪೆಟ್ಟಿಗೆ ಜೋಡಿಸಿಕೊಂಡು ಹಾಡಿಸುವ ಸಣ್ಣ ತಂಡಗಳು ಈಗ ಘಟ್ಟದ ಮೇಲೂ ಕೆಳಗೂ ಇವೆ.

ನಮ್ಮ ಜೋಡಣೆ ಹೀಗಿತ್ತು. ಮೊದಲೇ ತುಂಬಿಸಿಟ್ಟ ಸ್ವರಗಳನ್ನು ತಾನೇ ನುಡಿಸುವ ಪೆಟ್ಟಿಗೆ ಸೀಕ್ವೆನ್ಸರ್; ಬೇಸ್ ನುಡಿಸುವ ಅದೇ ಯಜಮಾನ. ವಾದ್ಯಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಕ್ರಮವೇ ಮಿಡಿ. ಆ ಮಿಡಿ ಕೇಬಲ್ಲಿನಲ್ಲಿ ಸೀಕ್ವೆನ್ಸರ್ ಕಳಿಸುವ ಟೆಂಪೋದ ಸಂದೇಶ, ಅಂದರೆ ಕ್ಲಾಕ್, ಹಿಡಿದು ನಡೆಯುವುದು ಡ್ರಮ್ ಮಷೀನು. ಚಂಡೆ, ಜಾಗಟೆಯ ಸ್ಯಾಂಪಲ್‌ಗಳೂ ಅದೇ ಡ್ರಮ್ ಮಷೀನಿನಲ್ಲಿದ್ದವು. ಅವನ್ನು ಕೀಬೋರ್ಡಿನವ ತನ್ನ ಕೀಗಳಿಂದ ಬಾರಿಸಬೇಕು. ಹಾಗಾಗಿ ಸೀಕ್ವೆನ್ಸರಿನ ಕೇಬಲ್ಲು, ಕೀಬೋರ್ಡಿನ ಕೇಬಲ್ಲು ಎರಡನ್ನೂ ಒಂದು ಮರ್ಜರ್ ಪೆಟ್ಟಿಗೆಗೆ ಕೊಟ್ಟು, ಅಲ್ಲಿಂದ ಒಂದೇ ಕೇಬಲ್ಲನ್ನು ಡ್ರಮ್ ಮಷೀನಿಗೆ ತಂದಿದ್ದೆವು. ತಿಂಗಳಿಡೀ ಅಭ್ಯಾಸದಲ್ಲಿ ಒಂದು ಏಟೂ ತಪ್ಪಿರಲಿಲ್ಲ.

ಐದನೇ ಹಾಡಿನ ನಡುವೆ ಕರೆಂಟು ಹೋಯಿತು. ಮೂರು ನಿಮಿಷಕ್ಕೆ ಜನರೇಟರ್ ಹಾಕಿದರು, ಎಲ್ಲ ಪೆಟ್ಟಿಗೆಗಳೂ ಹೊಸದಾಗಿ ಎದ್ದವು. ನಾನು ಸೀಕ್ವೆನ್ಸರನ್ನು 96ಕ್ಕೆ, ಅಂದರೆ ನಿಮಿಷಕ್ಕೆ 96 ಬೀಟಿಗೆ ಇಟ್ಟು ಪ್ಲೇ ಒತ್ತಿದೆ. ಬೇಸ್ ಸರಿಯಾಗಿ ಬಂತು. ಡ್ರಮ್ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ, ಒಂದು ಏಟು ಬೇಗ ಇನ್ನೊಂದು ತಡ, ನಡುಗುತ್ತಾ ಓಡಿತು. ಹಾಡುತ್ತಿದ್ದ ಅಕ್ಕ ಪಲ್ಲವಿಯ ಅರ್ಧಕ್ಕೇ ನಿಂತುಬಿಟ್ಟರು. ಪಕ್ಕದಲ್ಲಿ ತಬಲದ ಭಟ್ಟರು ಬಗ್ಗಿ, "ಎಂತಾ ಆತೋ ತಮಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡ್ರಮ್ ಮಷೀನಿನ ಟೆಂಪೋ ಗುಂಡಿ ತಿರುಗಿಸಿದೆ, ಏನೂ ಆಗಲಿಲ್ಲ. ಹೊರಗಿನ ಕ್ಲಾಕ್ ಹಿಡಿದಾಗ ಆ ಗುಂಡಿಗೆ ಕೆಲಸವಿಲ್ಲ. ಗಾಬರಿಯಲ್ಲಿ ಸೀಕ್ವೆನ್ಸರನ್ನೇ 48ಕ್ಕೆ ಇಳಿಸಿದೆ. ಬೇಸ್ ತೆವಳತೊಡಗಿತು, ಡ್ರಮ್ ಆಗಲೂ 168ರ ಆಸುಪಾಸಿನಲ್ಲೇ ಇತ್ತು. ಕೊನೆಗೆ ಎಲ್ಲ ಆಫ್ ಮಾಡಿ ಉಳಿದ ಹಾಡುಗಳನ್ನು ತಬಲ, ಹಾರ್ಮೋನಿಯಂ ಮೇಲೇ ಮುಗಿಸಿದೆವು. ಆ ಅಕ್ಕ ವಾರಗಟ್ಟಲೆ ಕಲಿತು ಬಂದಿದ್ದ ಹಾಡದು. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಮಾರನೇ ವಾರ ಡ್ರಮ್ ಮಷೀನನ್ನು ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದರೆ, ಕೇಬಲ್ ಕೂಡ ಚುಚ್ಚಿ ನೋಡದೆ "ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ಬೋರ್ಡಿಗೆ ಏನೂ ಆಗಿರಲಿಲ್ಲ. ಇಂಥ ಮಾತು ಕೇಳಿ ದುಡ್ಡು ಸುರಿಯುವ ಮೊದಲು ಮನೆಯಲ್ಲಿ ಒಂದು ಗಂಟೆ ಕೂತು ನೋಡಿ.

ನಾನು ಹಾಗೆ ಕೂತಾಗ ಒಂದು ಕಾಗದದಲ್ಲಿ ಅಂಕಿ ಬರೆಯುತ್ತಾ ಹೋದೆ. ಸೀಕ್ವೆನ್ಸರ್ 96 ಇದ್ದರೆ ಡ್ರಮ್ ಮಷೀನಿನ ಪರದೆಯಲ್ಲಿ 216ರ ಹತ್ತಿರ. 80ಕ್ಕೆ 200. 48ಕ್ಕೆ 168. ಪ್ರತಿ ಸಲವೂ 120 ಹೆಚ್ಚು. ಕೀಬೋರ್ಡಿನ ಕಡೆ ತಿರುಗಿ ನೋಡಿದರೆ, ಆನ್ ಮಾಡಿದಾಗ ಅದು ಬಂದು ನಿಲ್ಲುವುದೇ 120ಕ್ಕೆ.

ಮಿಡಿ 1983ರಲ್ಲಿ ಬಂದಾಗಿನಿಂದ ಕ್ಲಾಕ್ ನಡೆಯುವ ಕ್ರಮ ಒಂದೇ. ಕೇಬಲ್ಲಿನಲ್ಲಿ "96" ಅನ್ನುವ ಅಂಕಿ ಹೋಗುವುದಿಲ್ಲ. ಒಂದು ಬೀಟಿಗೆ 24 ಟಿಕ್ ಹೋಗುತ್ತವೆ, ಅಷ್ಟೇ. ಕೇಳುವ ಪೆಟ್ಟಿಗೆ ಟಿಕ್‌ಗಳ ನಡುವಿನ ಅಂತರ ಅಳೆದು ಟೆಂಪೋ ಊಹಿಸಿಕೊಳ್ಳುತ್ತದೆ. 120ರಲ್ಲಿ ಸೆಕೆಂಡಿಗೆ 48 ಟಿಕ್, 96ರಲ್ಲಿ 38.4. ಇವೆರಡೂ ಮರ್ಜರಿನಲ್ಲಿ ಸೇರಿದರೆ ಸೆಕೆಂಡಿಗೆ 86.4, ಅಂದರೆ 216. ಯಾವ ಟಿಕ್ ಯಾರದ್ದು ಅಂತ ಡ್ರಮ್ ಮಷೀನಿಗೆ ಗೊತ್ತಾಗುವ ದಾರಿಯೇ ಇಲ್ಲ. ಎರಡು ಸಾಲು ಟಿಕ್‌ಗಳು ಒಮ್ಮೆ ಒತ್ತೊತ್ತಾಗಿ, ಒಮ್ಮೆ ದೂರ ದೂರ ಬೀಳುವುದರಿಂದ ಆ ನಡುಕ. ಚಾನೆಲ್ ಬೇರೆ ಮಾಡಿದರೆ ಸರಿಹೋದೀತು ಅಂತ ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ, ಕ್ಲಾಕ್ ಸಂದೇಶಕ್ಕೆ ಚಾನೆಲ್ಲೇ ಇಲ್ಲ. ಕೀಬೋರ್ಡಿನ ರಿದಮ್ ನಿಂತೇ ಇದ್ದರೂ ಟಿಕ್ ಕಳಿಸುತ್ತಲೇ ಇರುವ ಯಂತ್ರಗಳು ಬಹಳ ಇವೆ, ನಮ್ಮದೂ ಹಾಗೇ.

ಅಭ್ಯಾಸದಲ್ಲಿ ಯಾಕೆ ಹೀಗಾಗಲಿಲ್ಲ ಅಂತ ಕೇಳಿದಾಗ ಕೀಬೋರ್ಡಿನವ ಹೇಳಿದ: "ನಾನು ಪ್ರತಿ ಸಲ ಆನ್ ಮಾಡಿದ ಕೂಡಲೇ ಕ್ಲಾಕ್ ಔಟ್ ಆಫ್ ಮಾಡ್ತಿದ್ದೆ. ಅವತ್ತು ಜನರೇಟರ್ ಬಂದಮೇಲೆ ಮರೆತುಹೋಯ್ತು." ಕ್ಲಾಕ್ ಔಟ್ ಅಂದರೆ ಕೀಬೋರ್ಡ್ ಟಿಕ್‌ಗಳನ್ನು ಹೊರಗೆ ಕಳಿಸುವ ಸೆಟ್ಟಿಂಗ್. ಅದನ್ನು ಆಫ್ ಇಟ್ಟೇ ಸೇವ್ ಮಾಡಿಡಬಹುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ಕೀಬೋರ್ಡಿನಲ್ಲಿ ಕ್ಲಾಕ್ ಔಟ್ ಆಫ್ ಮಾಡಿ ಸೇವ್ ಮಾಡಿದ್ದೇವೆ. ನಿಮ್ಮ ಮರ್ಜರಿನಲ್ಲಿ ಫಿಲ್ಟರ್ ಇದ್ದರೆ ಕೀಬೋರ್ಡ್ ಬರುವ ಕಡೆಯಿಂದ ಕ್ಲಾಕ್ ತಡೆಯಿರಿ. ಸೀಕ್ವೆನ್ಸರಿನ ಕಡೆ ತಡೆದರೆ ಡ್ರಮ್ ಮಷೀನು ಏಳುವುದೇ ಇಲ್ಲ. ಇನ್ನೊಂದು: ಕೆಲವು ಸೀಕ್ವೆನ್ಸರ್‌ಗಳಲ್ಲಿ ಪ್ರತಿ ಪ್ಯಾಟರ್ನಿನೊಳಗೂ ಅದರದೇ ಟೆಂಪೋ ಕೂತಿರುತ್ತದೆ. ಪ್ಯಾಟರ್ನ್ ಬದಲಿಸಿದ ಕೂಡಲೇ ಎಲ್ಲ ಪೆಟ್ಟಿಗೆಗಳೂ ಆ ಟೆಂಪೋಗೆ ಹಾರುತ್ತವೆ. ಎಲ್ಲಕ್ಕೂ ಒಂದೇ ಟೆಂಪೋ ಅನ್ನುವ ಆಯ್ಕೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಮುಖ್ಯವಾಗಿ, ವೈರಿಂಗ್ ಮುಗಿದಮೇಲೆ ಮೇನ್ ಸ್ವಿಚ್ ಒಮ್ಮೆ ಬೇಕಂತಲೇ ಆಫ್ ಮಾಡಿ, ಮತ್ತೆ ಹಾಕಿ, ಯಾವ ಸೆಟ್ಟಿಂಗೂ ಮುಟ್ಟದೆ ಪ್ಲೇ ಒತ್ತಿ ಡ್ರಮ್ ಮಷೀನಿನ ಪರದೆ ನೋಡಿ. ಹೋದ ತಿಂಗಳು ಅಂಕೋಲೆಯಲ್ಲಿ ಹಾಗೆ ಮಾಡಿದಾಗ ಸೀಕ್ವೆನ್ಸರ್ 100 ಇದ್ದರೂ ಅಲ್ಲಿ 220 ಕಂಡಿತು. ಕೀಬೋರ್ಡಿನವ ಅವತ್ತು ಗೆಳೆಯನ ಕೀಬೋರ್ಡ್ ಎರವಲು ತಂದಿದ್ದ. ಕುರ್ಚಿಗಳು ಇನ್ನೂ ಖಾಲಿ ಇದ್ದವು, ಕ್ಲಾಕ್ ಔಟ್ ಆಫ್ ಮಾಡಿ ಸೇವ್ ಒತ್ತಿದೆವು.