ನಲ್ಲಿ ಏರೇಟರ್: ಅಡುಗೆಮನೆಗೆ ಹಾಕಿಸಿ, ಬಕೆಟ್ ನಲ್ಲಿಗೆ ಬೇಡ

2024ರ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ನಾವಿರುವುದು 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ, ನಮಗೆ ಆಗಿನ್ನೂ ಕಾವೇರಿ ಬಂದಿರಲಿಲ್ಲ. 5 ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಅಂತ ಸರ್ಕಾರ ದರ ಕಟ್ಟಿತ್ತು. ನಮಗೆ ನೀರು ತರುತ್ತಿದ್ದವರು ದುಪ್ಪಟ್ಟು ಕೇಳಿದರು, ಕೊಟ್ಟೆವು, ಇನ್ನೇನು ಮಾಡೋದು? ಅದೇ ತಿಂಗಳು ಜಲಮಂಡಳಿ ಹೋಟೆಲ್, ಅಪಾರ್ಟ್‌ಮೆಂಟ್‌ಗಳಲ್ಲಿ ಏರೇಟರ್ (ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ, ನೀರು ಕಡಿಮೆ ಬಿಡುವ ಪುಟ್ಟ ಜಾಲರಿ) ಕಡ್ಡಾಯ ಮಾಡಿತು. ನಾನೂ ಮೂರು ತಂದೆ.

ಅಡುಗೆಮನೆಯಲ್ಲಿ ಇದು ನಿಜವಾಗಿ ಕೆಲಸ ಮಾಡುತ್ತದೆ. ಮೊದಲು ಒಂದು ಲೀಟರ್ ಬಾಟಲಿ 6 ಸೆಕೆಂಡಿಗೆ ತುಂಬುತ್ತಿತ್ತು, ಈಗ 20 ಸೆಕೆಂಡು ಬೇಕು. ನೀರಿಗೆ ಗಾಳಿ ಸೇರಿ ಬರುವುದರಿಂದ ಧಾರೆ ಸಣ್ಣ ಅನಿಸುವುದಿಲ್ಲ, ಪಾತ್ರೆ ಚೆನ್ನಾಗಿಯೇ ತೊಳೆಯುತ್ತದೆ. ದಿನಕ್ಕೆ 15 ನಿಮಿಷ ನಲ್ಲಿ ಬಿಡುತ್ತಿದ್ದದ್ದು ಈಗ 20 ನಿಮಿಷ ಆಗಿದೆ, ಆದರೂ 150 ಲೀಟರ್ ಹೋಗುತ್ತಿದ್ದ ಕಡೆ 60 ಲೀಟರ್ ಸಾಕು. ಕೈ ತೊಳೆಯುವ ಸಿಂಕಿಗೂ ಒಳ್ಳೆಯದು.

ಬಚ್ಚಲಿನ ಬಕೆಟ್ ನಲ್ಲಿಗೆ ಮಾತ್ರ ಹಾಕಬೇಡಿ. ಬಕೆಟ್‌ಗೆ ಬೇಕಾದಷ್ಟು ನೀರು ಬೇಕೇ ಬೇಕು, ಉಳಿಯುವುದು ಏನೂ ಇಲ್ಲ, ಸುಮ್ನೆ ಕಾಯಬೇಕು. ಮೇಲಿನ ಮಹಡಿಯವರ ಕಷ್ಟ ಇನ್ನೂ ಜಾಸ್ತಿ, ಓವರ್‌ಹೆಡ್ ಟ್ಯಾಂಕ್ ಅವರ ತಲೆಯ ಮೇಲೇ ಇರುವುದರಿಂದ ಮೊದಲೇ ಒತ್ತಡ ಕಡಿಮೆ, ಏರೇಟರ್ ಹಾಕಿದರೆ ತೊಟ್ಟಿಕ್ಕುತ್ತದೆ.

ಗಡಸು ನೀರಿದ್ದರೆ ಎರಡು ತಿಂಗಳಿಗೇ ಜಾಲರಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದರೆ ಸರಿಹೋಗುತ್ತದೆ. ನಾನು ತಂದ ಪ್ಲಾಸ್ಟಿಕ್‌ನದು ಬಿಚ್ಚುವಾಗಲೇ ಸೀಳಿತು, ಹಿತ್ತಾಳೆಯದು ಇನ್ನೂ ಗಟ್ಟಿಯಾಗಿದೆ.

ಒಂದು ಬೇಸರ ಹೇಳಲೇಬೇಕು. ಏರೇಟರ್ ಕಡ್ಡಾಯ ಮಾಡಿದ್ದು ಸರಿ, ಆದರೆ ನಮ್ಮಲ್ಲಿ ನೀರಿನ ಖರ್ಚನ್ನು ಎಲ್ಲಾ ಮನೆಗೂ ಸಮನಾಗಿ ಹಂಚುತ್ತಾರೆ. ಉಳಿಸಿದವರಿಗೂ ಅಷ್ಟೇ, ಚೆಲ್ಲಿದವರಿಗೂ ಅಷ್ಟೇ. ಮನೆಗೊಂದು ಮೀಟರ್ ಇಲ್ಲದಿದ್ದರೆ ಬೇಸಿಗೆ ಕಳೆದ ಮೇಲೆ ಎಷ್ಟು ಜನ ಏರೇಟರ್ ಇಟ್ಟುಕೊಳ್ಳುತ್ತಾರೆ ಹೇಳಿ? ನಮ್ಮಲ್ಲಿ ಅರ್ಧ ಜನ ತೆಗೆದುಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ, ಇನ್ನು ಚಿಂತೆಯಿಲ್ಲ ಅಂದರು. ಆ ನೀರು ಸುಮಾರು 100 ಕಿ.ಮೀ. ದೂರದಿಂದ, ಪಂಪ್ ಮಾಡಿ ಮೇಲೆತ್ತಿ ತರುವ ನೀರು ಅಲ್ವಾ? ಮೀಟರ್ ಬಗ್ಗೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಮೂರು ಸಲ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ಕೊಳ್ಳುವವರಿಗೆ: ಅಂಗಡಿಗೆ ಹೋಗುವಾಗ ನಲ್ಲಿಯ ಬಾಯಿಯ ಫೋಟೋ, ಅಳತೆ ಎರಡೂ ಇರಲಿ. ನಲ್ಲಿಯ ಥ್ರೆಡ್ (ತಿರುಪಿನ ಸುತ್ತು) ಒಳಗಿದೆಯಾ ಹೊರಗಿದೆಯಾ ನೋಡಿಕೊಳ್ಳಿ, ನಾನು ಅದಕ್ಕೇ ಎರಡು ಸಲ ಓಡಾಡಿದೆ.