ಬಿದಿರು, ಬಳ್ಳಿ, ಲಂಟಾನ: ಮೂರೂ ಬುಟ್ಟಿ ಬಳಸಿ ನೋಡಿದ ಮೇಲೆ

ಬುಟ್ಟಿ ಕೊಳ್ಳುವಾಗ ಹೆಚ್ಚಿನವರು ಹೆಣಿಗೆಯ ಅಂದ ನೋಡುತ್ತಾರೆ. ನಾನು ಮೊದಲು ಮಗುಚಿ ತಳ ನೋಡುತ್ತೇನೆ, ಆಮೇಲೆ ಅಂಚು. ಬುಟ್ಟಿ ಹಾಳಾಗಲು ಶುರುವಾಗುವುದು ಈ ಎರಡು ಕಡೆಯಿಂದಲೇ.

ನಮ್ಮ ಮೈಸೂರಿನ ಮನೆಯಲ್ಲಿ ಈಗ ಮೂರು ಬಗೆಯವು ಇವೆ. ಮೇದರು ಹೆಣೆದ ಬಿದಿರಿನ ಬುಟ್ಟಿ ಮತ್ತು ಮೊರ. ತವರಾದ ಕಾರ್ಕಳದ ಕಡೆಯಿಂದ ತಂದ, ಅಲ್ಲಿನ ಬುಡಕಟ್ಟಿನವರಾದ ಕೊರಗರು ಹೆಣೆದ ಕಾಡುಬಳ್ಳಿಯ ಬುಟ್ಟಿ. ಮಾದಪ್ಪನ ಬೆಟ್ಟದ ಕಡೆಯ ಸೋಲಿಗರು ಲಂಟಾನ ಅನ್ನುವ ಕಳೆಗಿಡದ ಕಡ್ಡಿಯಿಂದ ಮಾಡಿದ ಬುಟ್ಟಿ. ಮೂರನ್ನೂ ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿದ್ದೇನೆ. ಒಂದೇ ಒಂದು ತಗೊಳ್ಳುವುದಾದರೆ ಬಿದಿರಿನದೇ ತಗೊಳ್ಳಿ. ಆದರೆ ಒದ್ದೆ ಕೆಲಸಕ್ಕೆ ಅದು ಬಳ್ಳಿಯ ಹತ್ತಿರವೂ ಬರುವುದಿಲ್ಲ.

ಬಿದಿರಿನ ದೊಡ್ಡ ಗುಣ ಹಗುರ. ಅದನ್ನು ಎಷ್ಟು ತೆಳ್ಳಗೆ ಬೇಕಾದರೂ ಸೀಳಬಹುದು. ಅದಕ್ಕೇ ಮೊರ ಅಂದರೆ ಬಿದಿರಿನದೇ, ಬೇರೆ ಯಾವುದರಲ್ಲೂ ಅಷ್ಟು ಒತ್ತಾದ ಹೆಣಿಗೆ ನಾನು ಕಂಡಿಲ್ಲ. ನಮ್ಮತ್ತೆ ಹೊಸ ಮೊರ ಬಂದ ಕೂಡಲೇ ಹಳೇ ಪೇಪರ್ ಮತ್ತು ಮೆಂತ್ಯ ನೆನೆಸಿ, ರುಬ್ಬಿ, ಅದಕ್ಕೆ ಬಳಿದು ಒಣಗಿಸುತ್ತಾರೆ. ಸಂದುಗಳು ಮುಚ್ಚಿಕೊಳ್ಳುತ್ತವೆ, ಹಿಟ್ಟು ಸೋರುವುದಿಲ್ಲ. ಬಳಿಯದ ಮೊರವನ್ನೂ ಬಳಸಿ ನೋಡಿದೆ. ಅಕ್ಕಿ, ಬೇಳೆಗೆ ಪರವಾಗಿಲ್ಲ, ರಾಗಿಗೆ ಬೇಡ.

ಬಿದಿರಿನ ಶತ್ರು ಹುಳ. ಅದರ ಒಳಗೆ ಪಿಷ್ಟ ಇರುತ್ತದೆ, ಹುಳಕ್ಕೆ ಅದೇ ಊಟ. ಒಂದು ದಿನ ಬುಟ್ಟಿ ಎತ್ತಿದರೆ ಕೆಳಗೆ ನುಣ್ಣನೆ ಹಳದಿ ಪುಡಿ ಬಿದ್ದಿರುತ್ತದೆ. ಕೊಳ್ಳುವಾಗಲೇ ಇದನ್ನು ಅರ್ಧ ತಪ್ಪಿಸಬಹುದು. ಹೊರಸಿಪ್ಪೆಯಿಂದ ತೆಗೆದ ಸೀಳಿಗೆ ಹೊಳಪು ಇರುತ್ತದೆ, ಉಗುರಿನಿಂದ ಕೆರೆದರೆ ಗೀರು ಬೀಳುವುದಿಲ್ಲ. ಒಳತಿರುಳಿನ ಸೀಳು ಮಂಕಾಗಿ, ಮೆತ್ತಗೆ ಇರುತ್ತದೆ. ಅಗ್ಗದ ಬುಟ್ಟಿಗಳಲ್ಲಿ ತಿರುಳಿನದೇ ಜಾಸ್ತಿ, ಹುಳ ಮೊದಲು ಹಿಡಿಯುವುದೂ ಅದನ್ನೇ. ಹಿಂದೆ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಬುಟ್ಟಿಗೆ ಹೊಗೆ ತಾಗಿ ತಾನಾಗಿ ಬಾಳಿಕೆ ಬರುತ್ತಿತ್ತು. ಗ್ಯಾಸ್ ಒಲೆಯ ಮನೆಯಲ್ಲಿ ಆಗಾಗ ಒಳ್ಳೆ ಬಿಸಿಲಿಗೆ ಇಡುವುದೇ ದಾರಿ.

ಬಿದಿರು ಗೆಲ್ಲುವುದು ಇನ್ನೊಂದು ವಿಷಯದಲ್ಲಿ. ಹೆಣೆದವರು ಕೈಗೆ ಸಿಗುತ್ತಾರೆ. ಬಂಬೂ ಬಜಾರ್ ಕಡೆ ನಾನು ಹೋಗುವ ಮನೆಯಲ್ಲಿ ಗೋಡೆಯ ಮೇಲೆ ಮೇದರ ಕೇತಯ್ಯನವರ ಪಟ ಇದೆ. 12ನೇ ಶತಮಾನದ ಶರಣರು, ಬಿದಿರಿನ ಕಾಯಕದವರು. ಅಲ್ಲಿನ ಅಕ್ಕನಿಗೆ ತಳ ಹೋದ ಬುಟ್ಟಿ ಕೊಟ್ಟರೆ ಹೊಸ ಸೀಳು ಸೇರಿಸಿ ಕೊಡುತ್ತಾರೆ. ಫ್ರಿಜ್ ಮೇಲೆ ಕೂರುವಷ್ಟೇ ಅಗಲ ಬೇಕು ಅಂದರೆ, ನಾನು ಒಯ್ದ ದಾರದ ಅಳತೆಗೆ ಮಾಡಿಕೊಡುತ್ತಾರೆ. ಸುಮ್ನೆ ಕೂತು ಹೆಣೆಯಲೂ ಕಲಿಸಿದರು. ನಿಲ್ಲುವ ಕಡ್ಡಿಗಳು ಬೆಸ ಸಂಖ್ಯೆಯಲ್ಲಿ ಇರಬೇಕು. ಆಗ ಒಂದು ಸುತ್ತಿನಲ್ಲಿ ಮೇಲೆ ಹೋದ ಸೀಳು ಮುಂದಿನ ಸುತ್ತಿನಲ್ಲಿ ಅದೇ ಕಡ್ಡಿಯ ಕೆಳಗೆ ಬರುತ್ತದೆ. ಇದು ಬೇಗ ತಲೆಗೆ ಹತ್ತಿತು. ಸೀಳುವುದು ಮಾತ್ರ ಇವತ್ತಿಗೂ ಬಂದಿಲ್ಲ. ಕತ್ತಿ ಒಂದು ಕಡೆ ವಾಲಿದರೆ ಸೀಳು ಅರ್ಧದಲ್ಲೇ ತುಂಡಾಗುತ್ತದೆ. "ಸೀಳೋದು ಕಲಿತ್ರೆ ಹೆಣೆಯೋದು ತಾನಾಗೇ ಬರ್ತದೆ ಕಣಮ್ಮ" ಅಂತ ಅವರು ನಗುತ್ತಾರೆ. ಅವರ ಚಿಂತೆ ಬಿದಿರಿನ ಬೆಲೆ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿತ್ತು. 2017ರಲ್ಲಿ ತಿದ್ದುಪಡಿಯಾಗಿ ಕಾಡಿನ ಹೊರಗೆ ಬೆಳೆದ ಬಿದಿರು, ಕಡಿದು ಸಾಗಿಸಲು ಇದ್ದ ಆ ಕಟ್ಟಿನಿಂದ ಹೊರಬಂತು. ಆದರೂ ಹೊಲದ ಬದುವಿನಲ್ಲಿ ಬಿದಿರು ಬೆಳೆಯುವವರು ಬೇಕಲ್ವಾ?

ಬಳ್ಳಿಯ ಬುಟ್ಟಿ ನೋಡಲು ಒರಟು. ತೂಕ ಹೆಚ್ಚು, ಹೆಣಿಗೆ ಸಡಿಲ. ಆದರೆ ನೀರಿಗೆ ಜಗ್ಗುವುದಿಲ್ಲ. ಕುಚ್ಚಲಕ್ಕಿ ಅನ್ನ ಬಸಿಯಲು ತವರಿನಲ್ಲಿ ಬಳಸುವ ಬಳ್ಳಿಯ ಬುಟ್ಟಿ, ಅಂದರೆ ಕುಡ್ಪು, ದಿನವೂ ಬಿಸಿ ಗಂಜಿ ಕುಡಿದರೂ ಗಟ್ಟಿಯಾಗೇ ಇದೆ. ಅದೇ ಕೆಲಸಕ್ಕೆ ಬಿದಿರಿನ ಬುಟ್ಟಿ ಇಟ್ಟು ನೋಡಿದೆ, ಒಂದು ಮಳೆಗಾಲ ಕಳೆಯುವ ಹೊತ್ತಿಗೆ ತಳ ಕಪ್ಪಾಗಿ ಕೊಳೆ ವಾಸನೆ ಬಂತು. ಗೊಬ್ಬರ ಹೊರಲು, ತೆಂಗಿನಕಾಯಿ ತುಂಬಲು ಕೂಡ ಬಳ್ಳಿಯೇ ಸರಿ. ಎತ್ತರದಿಂದ ಬಿದ್ದರೆ ಬಿದಿರು ಮುರಿಯುತ್ತದೆ, ಬಳ್ಳಿ ಬರೀ ಸೊಟ್ಟಗಾಗುತ್ತದೆ. ನೆನೆಸಿ ಒತ್ತಿದರೆ ಮತ್ತೆ ಆಕಾರಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಬಳಸಿದ ಮೇಲೆ ಗಾಳಿಯಾಡುವ ಕಡೆ ತೂಗುಹಾಕಬೇಕು. ಮೂಲೆಯಲ್ಲಿ ಮಗುಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ಈ ಬುಟ್ಟಿಯ ಹಿಂದಿನ ಸಂಬಂಧವನ್ನು ಸಿಹಿಯಾಗಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಬುಟ್ಟಿಗೆ ದುಡ್ಡಿನ ಬದಲು ಅಕ್ಕಿ ಕೊಡುತ್ತಿದ್ದರಂತೆ, ಅದೂ ಅಂಗಳದ ಆಚೆ ನಿಲ್ಲಿಸಿ. ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ನೇ ಇಸವಿಯೇ ಬೇಕಾಯಿತು. ಬಳ್ಳಿಗಾಗಿ ಕಾಡು ಸುತ್ತಿ, ಆರಿಸಿ, ಹೊತ್ತು ತಂದು, ಸಿಪ್ಪೆ ತೆಗೆಯುವ ಹೊತ್ತಿಗೇ ದಿನಗಳು ಹೋಗಿರುತ್ತವೆ. ಹೆಣಿಗೆ ಆಮೇಲೆ. ನನ್ನ ಬುಟ್ಟಿಗೆ 400 ರೂಪಾಯಿ ಕೇಳಿದರು, ಕೊಟ್ಟೆ. ಅದೇ ಅಳತೆಯ ಬಿದಿರಿನದಕ್ಕೆ 250 ಕೊಟ್ಟಿದ್ದೆ. ಬಳ್ಳಿಯದು ದುಬಾರಿ ಅನ್ನುವವರು ಒಮ್ಮೆ ಆ ಕಾಡಿಗೆ ಜೊತೆಯಲ್ಲಿ ಹೋಗಿಬರಲಿ.

ಲಂಟಾನದ ಕಥೆ ಬೇರೆ. ಇದು ನಮ್ಮ ಗಿಡವೇ ಅಲ್ಲ. ಅಮೆರಿಕ ಖಂಡದ್ದು, ಬ್ರಿಟಿಷರ ಕಾಲದಲ್ಲಿ ಅಂದದ ಹೂವಿಗೆಂದು ಬಂದು ಕಾಡೆಲ್ಲ ಹಬ್ಬಿದೆ. ಬಿದಿರು ತರಲು ಅರಣ್ಯದ ಕಟ್ಟುಪಾಡು ಜಾಸ್ತಿಯಾದ ಕಡೆ, ಈ ಕಳೆಯಿಂದಲೇ ಕಸುಬು ಕಟ್ಟುವ ಕೆಲಸ ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯ ಜೊತೆ ನಡೆಯಿತು. ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಹಸಿಯಿರುವಾಗಲೇ ಬಗ್ಗಿಸುತ್ತಾರೆ. ಕುರ್ಚಿ, ಮೇಜು, ಆಳೆತ್ತರದ ಆನೆಗಳನ್ನೂ ಮಾಡುತ್ತಾರೆ.

ಹುಳದ ವಿಷಯದಲ್ಲಿ ಲಂಟಾನಕ್ಕೆ ಪೂರ್ತಿ ಅಂಕ. ಬಿದಿರಿನ ಪಕ್ಕದಲ್ಲೇ ಇಟ್ಟಿದ್ದೆ, ಬಿದಿರಿಗೆ ಹುಳ ಬಿತ್ತು, ಇದಕ್ಕೆ ಏನೂ ಆಗಲಿಲ್ಲ. ಆದರೆ ಗೆಣ್ಣು ಗೆಣ್ಣಾದ ಕಡ್ಡಿ, ಬಿದಿರಿನಂತೆ ಒಂದೇ ಸಮ ಸೀಳಲು ಬರುವುದಿಲ್ಲ. ಹಾಗಾಗಿ ಸಂದು ದೊಡ್ಡದು, ಬೆಳ್ಳುಳ್ಳಿ ಎಸಳು ಉದುರಿಹೋಗುತ್ತದೆ. ಅಂಚಿನ ಕಡ್ಡಿಗೆ ಸೀರೆಯ ಸೆರಗು ಸಿಕ್ಕಿಕೊಂಡದ್ದೂ ಉಂಟು. ನಾನು ಕೊಟ್ಟದ್ದು 600 ರೂಪಾಯಿ. ಈರುಳ್ಳಿ, ಬಟ್ಟೆ, ಪುಸ್ತಕ, ಹೀಗೆ ಒಂದು ಕಡೆ ಕೂತೇ ಇರುವ ಸಾಮಾನಿಗೆ ಚೆನ್ನ. ಸಂತೆಗೆ ಹೊತ್ತೊಯ್ಯಲು ಭಾರ.

ಪ್ಲಾಸ್ಟಿಕ್ ಬುಟ್ಟಿಯೂ ಮನೆಯಲ್ಲಿದೆ, ಸುಳ್ಳು ಯಾಕೆ. ಮೀನು ತೊಳೆಯಲು ಅದೇ ಸುಲಭ. ಹಿಡಿ ಮುರಿದರೆ ಎಸೆಯುವುದೊಂದೇ, ರಿಪೇರಿ ಇಲ್ಲ.

ಬಿದಿರಿನದು ಕೊಳ್ಳಲು ಹೊರಟವರಿಗೆ ಒಂದು ಮಾತು. ಗೌರಿ ಹಬ್ಬದ ಹಿಂದಿನ ವಾರ ಹೋಗಬೇಡಿ. ಬಾಗಿನಕ್ಕೆ ಮೊರಗಳನ್ನು ಜೋಡಿ ಜೋಡಿಯಾಗಿ ಒಯ್ಯುವ ಕಾಲ ಅದು, ಮೇದರ ಕೇರಿಯಲ್ಲಿ ಮಾತಾಡಲೂ ಪುರುಸೊತ್ತು ಇರುವುದಿಲ್ಲ. ಅವಸರದಲ್ಲಿ ಹೆಣೆದ ಮೊರದ ಅಂಚು ಬೇಗ ಬಿಚ್ಚುತ್ತದೆ. ಹಬ್ಬ ಮುಗಿದು ಒಂದೆರಡು ವಾರ ಬಿಟ್ಟು, ಬೇಕಾದ ಅಳತೆ ಹೇಳಿ, ಮುಂಗಡ ಕೊಟ್ಟು ಬನ್ನಿ. ಹೊರಸಿಪ್ಪೆಯದೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಕೇಳಿದವರಿಗೆ ಮಾಡಿಕೊಡುತ್ತಾರೆ.